ಗಾಣದ ಸೂರ್ಯಕಾಂತಿ ಎಣ್ಣೆ ಚಳಿಗೆ ಮಬ್ಬಾಯಿತೇ? ಚೆಲ್ಲಬೇಡಿ, ಮೊದಲು ಇದನ್ನು ಓದಿ



ಎರಡು ವರ್ಷದ ಹಿಂದಿನ ಮಾತು. ಕೊಟ್ಟೂರು ಹತ್ತಿರ ನಮ್ಮ ಎರೆ ಹೊಲದಲ್ಲಿ ಮುಂಗಾರಿಗೆ ಸೂರ್ಯಕಾಂತಿ ಹಾಕಿದ್ದೆ. ಬಂದ ಬೀಜದಲ್ಲಿ ಎರಡು ಕ್ವಿಂಟಲ್ ತೆಗೆದಿಟ್ಟು ಗಾಣಕ್ಕೆ ಹಾಕಿಸಿದೆ. 65 ಲೀಟರ್ ಎಣ್ಣೆ ಆಯ್ತು. ಮನೆಗೆ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಬಾಟಲಿಗೆ ತುಂಬಿ ನೆಂಟರಿಗೆ, ಪರಿಚಯದವರಿಗೆ ಮಾರಿದೆ. ನವೆಂಬರ್ ಮುಗಿಯೋದರೊಳಗೆ ಎಲ್ಲ ಖಾಲಿ. ಖುಷಿಯೋ ಖುಷಿ.

ಡಿಸೆಂಬರ್ ಚಳಿ ಬಿತ್ತು ನೋಡ್ರಿ, ಫೋನ್ ಬರೋಕೆ ಶುರುವಾಯ್ತು. ಮೊದಲು ಮಾಡಿದ್ದು ಹರಪನಹಳ್ಳಿಯಲ್ಲಿರುವ ನಮ್ಮ ಅಕ್ಕ. "ತಮ್ಮಾ, ಇದೇನು ಎಣ್ಣಿ ಕೊಟ್ಟೀಯೋ ಗಂಜಿ ಕೊಟ್ಟೀಯೋ? ತಳದಾಗ ಬೆಳ್ಳಗ ಕುಂತೈತಿ. ಬೀಗರ ಮುಂದ ನನ್ನ ಮರ್ಯಾದಿ ಹೋತು" ಅಂದಳು. ಆ ವಾರದಲ್ಲೇ ಹನ್ನೊಂದು ಬಾಟಲಿ ವಾಪಸ್ ಬಂದವು. ಏನು ಹೇಳಬೇಕೋ ನನಗೂ ಗೊತ್ತಿರಲಿಲ್ಲ. ಸುಮ್ಮನೆ ದುಡ್ಡು ವಾಪಸ್ ಕೊಟ್ಟೆ. ಆ ಗಿರಾಕಿಗಳು ಮರು ವರ್ಷ ಬರಲಿಲ್ಲ.

ಆಮೇಲೆ ತಿಳಿಯಿತು: ಆ ಹನ್ನೊಂದರಲ್ಲಿ ಒಂಬತ್ತು ಬಾಟಲಿ ಎಣ್ಣೆ ಕೆಟ್ಟೇ ಇರಲಿಲ್ಲ. ಎರಡು ಮಾತ್ರ ನಿಜವಾಗಿ ಕೆಟ್ಟಿದ್ದವು, ಅದೂ ಬೇರೆ ಕಾರಣಕ್ಕೆ. ಈ ಎರಡರ ವ್ಯತ್ಯಾಸ ನನಗೆ ಗೊತ್ತಿದ್ದರೆ ನಷ್ಟವೂ ಆಗುತ್ತಿರಲಿಲ್ಲ, ಹೆಸರೂ ಕೆಡುತ್ತಿರಲಿಲ್ಲ. ಈಗ ನಮ್ಮ ಕಡೆ ತುಂಬಾ ಜನ ಸ್ವಂತ ಬೀಜ ಗಾಣಕ್ಕೆ ಹಾಕಿಸುತ್ತಿದ್ದಾರೆ. ಅವರಿಗಾಗಿ ಈ ವಾರದ ಲೇಖನ.

ನಮ್ಮ ಕಡೆಗೆ ಈ ಬೆಳೆ ಬಂದದ್ದು

ನಮ್ಮ ಅಜ್ಜಂದಿರ ಕಾಲದಲ್ಲಿ ಎಣ್ಣೆ ಅಂದರೆ ಶೇಂಗಾ, ಕುಸುಬೆ, ಎಳ್ಳು. ದೀಪಕ್ಕೆ ಔಡಲ. ಉಜ್ಜಿನಿ ಮರುಳಸಿದ್ಧೇಶ್ವರ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ಪದ್ಧತಿ ಇರುವ ಸೀಮೆ ನಮ್ಮದು. ಎಣ್ಣೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸೂರ್ಯಕಾಂತಿ, ಹಳ್ಳಿ ಮಾತಿನಲ್ಲಿ ಸೂರ್ಯಪಾನ, ಎಣ್ಣೆಬೀಜದ ಬೆಳೆಯಾಗಿ ಭಾರತಕ್ಕೆ ಬಂದದ್ದು 1969ರಲ್ಲಿ, ಆಗಿನ ಸೋವಿಯತ್ ರಷ್ಯಾದ ತಳಿಗಳ ಮೂಲಕ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಿಡುಗಡೆಯಾದದ್ದು 1980ರಲ್ಲಿ, ಅದೂ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ. 90–100 ದಿನದ ಬೆಳೆ, ಮುಂಗಾರಿಗೂ ಆಗುತ್ತದೆ, ಹಿಂಗಾರಿಗೂ ಆಗುತ್ತದೆ. ಹಾಗಾಗಿ ಹಡಗಲಿ, ಕೊಟ್ಟೂರು ಕಡೆಯ ಎರೆಗೂ ಹೊಂದಿಕೊಂಡಿತು, ಕೂಡ್ಲಿಗಿ ಮಸಾರಿಗೂ ಶೇಂಗಾ ಜೊತೆ ಬಂತು. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಲ್ಲಿ ಊರು ಊರೇ ಹಳದಿಯಾಗಿ ಕಾಣುತ್ತಿತ್ತು.

ಆಮೇಲೆ ಕಡಿಮೆಯಾಯ್ತು. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡ ನೆಕ್ರೋಸಿಸ್ ನಂಜುರೋಗ ಎಲ್ಲ ಕಡೆ ಹರಡಿತು. ಗಿಳಿ ಕಾಟ, ನಡುವೆ ಜೊಳ್ಳು ಕಾಳು, ಮೇಲೆ ಹೊರದೇಶದ ಅಗ್ಗದ ಎಣ್ಣೆ. ರೈತರು ಮೆಕ್ಕೆಜೋಳಕ್ಕೆ ಹೊರಳಿದರು. ಈಗ ನಾವು ತಿನ್ನುವ ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ರಷ್ಯಾ, ಉಕ್ರೇನ್‌ನಂಥ ದೇಶಗಳಿಂದ ಹಡಗಿನಲ್ಲಿ ಬಂದದ್ದು. 2022ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ನಮ್ಮ ಸಂತೆಯಲ್ಲಿ ಎಣ್ಣೆ ರೇಟು ಏರಿದ್ದು ನೆನಪಿರಬಹುದು.

ಬೀಜದಿಂದ ಎಣ್ಣೆ: ಮೂರು ದಾರಿ

ಒಳ್ಳೆ ಹೈಬ್ರಿಡ್ ಬೀಜದಲ್ಲಿ ನೂರಕ್ಕೆ 35ರಿಂದ 42 ಪಾಲು ಎಣ್ಣೆ ಇರುತ್ತದೆ. ಅಷ್ಟೂ ನಮ್ಮ ಕೈಗೆ ಬರುವುದಿಲ್ಲ.

1. ಗಾಣ: ನಿಧಾನವಾಗಿ ತಿರುಗುತ್ತದೆ, ಬಿಸಿ ಕಡಿಮೆ. ಬೀಜದ ವಾಸನೆ, ರುಚಿ, ಬಣ್ಣ ಉಳಿಯುತ್ತದೆ. ಹಿಂಡಿಯಲ್ಲಿ ಎಣ್ಣೆ ಸ್ವಲ್ಪ ಹೆಚ್ಚೇ ಉಳಿಯುತ್ತದೆ.

2. ಎಕ್ಸ್‌ಪೆಲ್ಲರ್: ಕಬ್ಬಿಣದ ಸ್ಕ್ರೂ ಜೋರಾಗಿ ಒತ್ತುತ್ತದೆ. ಎಣ್ಣೆ ಹೆಚ್ಚು ಬರುತ್ತದೆ, ಆದರೆ ಬಿಸಿಯಾಗುತ್ತದೆ.

3. ಕಾರ್ಖಾನೆ: ಮೊದಲು ಒತ್ತಿ, ಉಳಿದ ಹಿಂಡಿಯಿಂದ ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ತೊಳೆದು ತೆಗೆಯುತ್ತಾರೆ. ನಂತರ ರಿಫೈನ್. ಅಂದರೆ ಮೊದಲು ಅಂಟು ತೆಗೆಯುವುದು, ಆಮೇಲೆ ಹುಳಿ ಅಂಶವನ್ನು ಕ್ಷಾರ ಹಾಕಿ ಕಳೆಯುವುದು, ಜೇಡಿಯಂಥ ಮಣ್ಣಿನಲ್ಲಿ ಸೋಸಿ ಬಣ್ಣ ತಿಳಿ ಮಾಡುವುದು, ಮೇಣ ತೆಗೆಯುವುದು, ಕೊನೆಗೆ ಬಿಸಿ ಹಬೆ ಹಾಯಿಸಿ ವಾಸನೆ ತೆಗೆಯುವುದು.

ಈ "ಮೇಣ ತೆಗೆಯುವುದು" ಅನ್ನೋ ಮಾತು ನೆನಪಿಡಿ. ನನ್ನ ಹನ್ನೊಂದು ಬಾಟಲಿಯ ಗುಟ್ಟು ಅಲ್ಲೇ ಇತ್ತು.

ಮಬ್ಬು ಯಾಕೆ ಬರುತ್ತದೆ?

ಸೂರ್ಯಕಾಂತಿ ಬೀಜದ ಹೊರ ಸಿಪ್ಪೆಯಲ್ಲಿ ಮೇಣ ಇರುತ್ತದೆ. ಸಿಪ್ಪೆ ಸಮೇತ ಅರೆದಾಗ ಅದು ಎಣ್ಣೆಯಲ್ಲಿ ಕರಗಿ ಬರುತ್ತದೆ. ಬೇಸಿಗೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಚಳಿ ಬಿದ್ದಾಗ ಹೆಪ್ಪುಗಟ್ಟಿ ಮೋಡದ ಹಾಗೆ ತೇಲುತ್ತದೆ, ಆಮೇಲೆ ತಳಕ್ಕೆ ಕೂರುತ್ತದೆ. ಕಾರ್ಖಾನೆಯವರು ಎಣ್ಣೆಯನ್ನು ನಿಧಾನವಾಗಿ ತಣ್ಣಗೆ ಮಾಡಿ, ಮೇಣ ಹೆಪ್ಪಾದ ಮೇಲೆ ಸೋಸುತ್ತಾರೆ. ಅದಕ್ಕೇ ಪ್ಯಾಕೆಟ್ ಎಣ್ಣೆ ಚಳಿಗಾಲದಲ್ಲೂ ತಿಳಿಯಾಗಿರುತ್ತದೆ. ಗಾಣದಲ್ಲಿ ಆ ಕೆಲಸ ಆಗಿರುವುದಿಲ್ಲ.

ಈ ಮೇಣದಿಂದ ಎಣ್ಣೆ ಕೆಡುವುದಿಲ್ಲ, ನೋಡಲು ಚೆನ್ನಾಗಿರಲ್ಲ ಅಷ್ಟೇ. ಪರೀಕ್ಷೆ ಸುಲಭ. ಬಾಟಲಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿ ಅರ್ಧ ತಾಸು ಇಡಿ. ಮೇಣವಾದರೆ ಕರಗಿ ತಿಳಿಯಾಗುತ್ತದೆ. ತಿಳಿಯಾಗದೆ ಕೆಳಗೆ ಹಾಗೇ ಕುಂತರೆ ಅದು ಹಿಂಡಿಯ ಗಸಿ ಅಥವಾ ನೀರಿನ ಅಂಶ.

ಒಂದು ಎಚ್ಚರಿಕೆ. ಬಿಸಿಗೆ ತಿಳಿಯಾಯ್ತು ಅಂದ ಮಾತ್ರಕ್ಕೆ ಶುದ್ಧ ಎಣ್ಣೆ ಅಂತ ಅಲ್ಲ. ತಾಳೆ ಎಣ್ಣೆ ಬೆರೆಸಿದರೂ ಚಳಿಗೆ ಗಟ್ಟಿಯಾಗಿ, ಬಿಸಿಗೆ ಕರಗುತ್ತದೆ. ಹಾಗಾಗಿ ಈ ಪರೀಕ್ಷೆ ನಿಮ್ಮ ಕಣ್ಣೆದುರು ಅರೆಸಿದ ಎಣ್ಣೆಗೆ ಮಾತ್ರ.

ಮಬ್ಬು ಕಡಿಮೆ ಮಾಡಲು ನಾನು ಈಗ ಮಾಡುವುದು ಇಷ್ಟು: ಗಾಣದಿಂದ ತಂದ ಎಣ್ಣೆಯನ್ನು ಮುಚ್ಚಿದ ಸ್ಟೀಲ್ ಡ್ರಮ್ಮಿನಲ್ಲಿ ನೆರಳಲ್ಲಿ ಒಂದು ವಾರ ಅಲುಗಾಡಿಸದೆ ಇಡುತ್ತೇನೆ. ಚಳಿಗಾಲವಾದರೆ ರಾತ್ರಿಯ ತಂಪೇ ಮೇಣವನ್ನು ಕೆಳಗೆ ಕೂರಿಸುತ್ತದೆ. ಬೆಳಗಿನ ಜಾವ, ಬಿಸಿಲೇರುವ ಮೊದಲು, ಮೇಲಿನ ತಿಳಿ ಎಣ್ಣೆಯನ್ನು ಒಣಗಿದ ದಪ್ಪ ಬಟ್ಟೆಯಲ್ಲಿ ಸೋಸಿ ತುಂಬುತ್ತೇನೆ. ಪೂರ್ತಿ ಮೇಣ ಹೋಗಲ್ಲ, ಮುಕ್ಕಾಲು ತಲೆನೋವು ಹೋಗುತ್ತದೆ.

ನಿಜವಾಗಿ ಕೆಟ್ಟ ಎಣ್ಣೆ ಯಾವುದು?

ಆ ಎರಡು ಬಾಟಲಿ ಒಂದು ಮನೆಯಲ್ಲಿ ಅಡುಗೆಮನೆ ಕಿಟಕಿಯಲ್ಲಿ, ಬಿಸಿಲಲ್ಲಿ ಇದ್ದವು. ಅವುಗಳಲ್ಲಿ ಮಬ್ಬೇ ಇರಲಿಲ್ಲ, ನೋಡಲು ಚಂದವಾಗಿದ್ದವು! ಆದರೆ ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿಯ ವಾಸನೆ, ನಾಲಿಗೆಗೆ ಕಮಟು. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು, ಸಾಮಾನ್ಯ ತಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ದೇಹಕ್ಕೆ ಬೇಕಾದದ್ದೇ, ಆದರೆ ಗಾಳಿ, ಬೆಳಕು, ಬಿಸಿ ತಾಗಿದರೆ ಬೇಗ ಹಳಸುತ್ತದೆ. ಒಳಗಿರುವ ಇ ಜೀವಸತ್ವ ಸ್ವಲ್ಪ ದಿನ ಕಾಪಾಡುತ್ತದೆ, ಸದಾಕಾಲ ಅಲ್ಲ.

ಇನ್ನೊಂದು ಕಾರಣ ಹೊಲದಲ್ಲೇ ಶುರುವಾಗುತ್ತದೆ: ಹಸಿ ಬೀಜ. ತೆನೆಯ ಬೆನ್ನು ನಿಂಬೆ ಹಣ್ಣಿನ ಹಳದಿಗೆ ತಿರುಗಿದ ಮೇಲೆ ಕೊಯ್ಯಿರಿ. ತೆನೆ ಒಣಗಿಸಿ ಬಡಿದು, ಬೀಜವನ್ನು ಮತ್ತೆ ಒಣಗಿಸಿ. ತೇವ ನೂರಕ್ಕೆ 9ಕ್ಕಿಂತ ಕೆಳಗೆ ಬರಬೇಕು. ಹೆಚ್ಚಿದ್ದರೆ ಚೀಲದೊಳಗೆ ಕಾವು ಹುಟ್ಟಿ ಬೂಸ್ಟು ಬರುತ್ತದೆ, ಎಣ್ಣೆಯ ಹುಳಿ ಅಂಶ ಏರುತ್ತದೆ. ಕಾರ್ಖಾನೆಯಲ್ಲಿ ಅದನ್ನು ತೊಳೆದು ಸರಿ ಮಾಡಿಯಾರು. ಗಾಣದಲ್ಲಿ ಬೀಜ ಹೇಗೋ ಎಣ್ಣೆ ಹಾಗೆ. ಬೂಸ್ಟು ಬಂದ ಬೀಜ ಗಾಣಕ್ಕೆ ಹಾಕಲೇಬೇಡಿ.

ಇಡುವ ಕ್ರಮ: ಸ್ಟೀಲ್ ಡಬ್ಬಿ ಅಥವಾ ಬಣ್ಣದ ಗಾಜಿನ ಬಾಟಲಿ, ಬಾಯಿ ತುಂಬಾ ತುಂಬಿ, ಕತ್ತಲಲ್ಲಿ. ಹಳೇ ಎಣ್ಣೆ ಇದ್ದ ಡಬ್ಬಿ ತೊಳೆಯದೆ ಹೊಸದು ಸುರಿಯಬೇಡಿ. ಮೂರು ತಿಂಗಳಿಗೆ ಬೇಕಾದಷ್ಟೇ ಅರೆಸಿ. ಚೆನ್ನಾಗಿ ಒಣಗಿದ ಬೀಜ ಎಣ್ಣೆಗಿಂತ ಹೆಚ್ಚು ದಿನ ಬಾಳುತ್ತದೆ.

ಗಾಣಕ್ಕೋ, ಮಾರುಕಟ್ಟೆಗೋ? ಲೆಕ್ಕ ಹಾಕೋಣ

"ಸ್ವಂತ ಎಣ್ಣೆ ಮಾಡಿ ಲಾಭ ಮಾಡಿ" ಅಂತ ಸುಮ್ಮನೆ ಹೇಳಲ್ಲ. ನನ್ನ ಎರಡು ಕ್ವಿಂಟಲ್ ಲೆಕ್ಕ ನೋಡಿ.

- ಬೀಜ 200 ಕೆಜಿ
- ಸೋಸಿದ ಎಣ್ಣೆ 60 ಕೆಜಿ. ಲೀಟರ್ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ, ಅಂದರೆ 65 ಲೀಟರ್
- ಹಿಂಡಿ 130 ಕೆಜಿ, ಉಳಿದದ್ದು ಗಸಿ, ತೇವ
- ಗಾಣದ ಕೂಲಿ ಕೆಜಿಗೆ 7 ರೂ.ನಂತೆ 1,400 ರೂ., ಬಾಟಲಿ 650 ರೂ., ಒಟ್ಟು 2,050 ರೂ.
- ಹಿಂಡಿಯಿಂದ ಕೆಜಿಗೆ 25 ರೂ.ನಂತೆ 3,250 ರೂ.

ಕೂಲಿ, ಹಿಂಡಿ ರೇಟು ನಮ್ಮೂರಿನದು, ನಿಮ್ಮದನ್ನು ನೀವು ಹಾಕಿಕೊಳ್ಳಿ.

2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,721 ರೂ. ಆ ಲೆಕ್ಕದಲ್ಲಿ ಬೀಜದ ಬೆಲೆ 15,442 ರೂ. ಖರ್ಚು ಸೇರಿಸಿ, ಹಿಂಡಿ ಕಳೆದರೆ 14,242 ರೂ. 65 ಲೀಟರಿಗೆ ಹಂಚಿದರೆ ಲೀಟರಿಗೆ 219 ರೂ. ಬಿತ್ತು. ಅದಕ್ಕಿಂತ ಕಡಿಮೆಗೆ ಮಾರಿದರೆ ಕೈಯಿಂದ ಹೋದ ಹಾಗೆ.

ಅದೇ ವ್ಯಾಪಾರಿ 5,500 ರೂ. ಮಾತ್ರ ಕೊಡ್ತೀನಿ ಅಂದರೆ? ಬೀಜದ ಬೆಲೆ 11,000 ರೂ. ಆಗ ಎಣ್ಣೆ ಲೀಟರಿಗೆ 151 ರೂ. ಬೀಳುತ್ತದೆ. ಆಗ ಗಾಣ ಗೆಲ್ಲುತ್ತದೆ.

ಅಂದರೆ ಖರೀದಿ ಕೇಂದ್ರ ತೆರೆದಿದ್ದು, ನಿಮ್ಮ ಫ್ರೂಟ್ಸ್ ನೋಂದಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದ್ದರೆ, ಹೆಚ್ಚಿನ ಬೀಜ ಬೆಂಬಲ ಬೆಲೆಗೆ ಕೊಡಿ. ಮನೆಗೆ ಬೇಕಾದಷ್ಟು, ಮತ್ತು ಗಾಣದ ಎಣ್ಣೆಯೇ ಬೇಕು ಅಂತ ಮೊದಲೇ ಹೇಳಿದ ಗಿರಾಕಿಗೆ ಆಗುವಷ್ಟು ಮಾತ್ರ ಅರೆಸಿ. ಕೇಂದ್ರ ತೆರೆಯದೆ ರೇಟು ಬಿದ್ದರೆ ಗಾಣದ ಪಾಲು ಹೆಚ್ಚಿಸಿ. ಮಾರುವುದಾದರೆ ಆಹಾರ ಸುರಕ್ಷತೆ ನೋಂದಣಿ ಮಾಡಿಸಿ, ಅರೆಸಿದ ತಾರೀಖು ಬರೆದ ಚೀಟಿ ಅಂಟಿಸಿ. ಬಿಡಿ ಎಣ್ಣೆ ಅಳೆದು ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ.

ಯಾವುದಕ್ಕೆ ಬಳಸಬೇಕು?

ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ. ಮಿರ್ಚಿ, ಬಜ್ಜಿ ಕರಿಯಲು ಅದು ಸರಿಯಲ್ಲ, ಅದಕ್ಕೆ ರಿಫೈನ್ ಎಣ್ಣೆ ವಾಸಿ. ಗಾಣದ್ದು ಒಗ್ಗರಣೆಗೆ, ಪಲ್ಯಕ್ಕೆ, ಮಂಡಕ್ಕಿ ಕಲಸಲು, ರೊಟ್ಟಿ ಜೊತೆ ಚಟ್ನಿಪುಡಿಗೆ ಹಸಿಯಾಗಿ ಹಾಕಿಕೊಳ್ಳಲು ಚಲೋ. ಯಾವ ಎಣ್ಣೆಯೇ ಇರಲಿ, ಕರಿದದ್ದನ್ನೇ ಮತ್ತೆ ಮತ್ತೆ ಕಾಯಿಸಬೇಡಿ. "ಕೊಲೆಸ್ಟ್ರಾಲ್ ಇಲ್ಲ" ಅಂತ ಪ್ಯಾಕೆಟ್ ಮೇಲೆ ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರಲ್ಲ.

ಹಿಂಡಿ ದನಕರುಗಳಿಗೆ ಒಳ್ಳೆ ಸಾರಜನಕದ ಮೇವು. ಆದರೆ ಸಿಪ್ಪೆ ಸಮೇತ ಅರೆದ ಹಿಂಡಿಯಲ್ಲಿ ನಾರು ಹೆಚ್ಚು, ಶೇಂಗಾ ಹಿಂಡಿಯಷ್ಟು ಶಕ್ತಿ ಇಲ್ಲ. ಬೇರೆ ದಾಣಿ ಜೊತೆ ಬೆರೆಸಿ ಕೊಡಿ. ಬೂಸ್ಟು ಹಿಡಿದದ್ದು ಕೊಡಬೇಡಿ. ಡ್ರಮ್ಮಿನ ತಳದ ಗಸಿಯನ್ನು ನಾವು ದೀಪಕ್ಕೆ, ಬಂಡಿ ಕೀಲಿಗೆ ಬಳಸುತ್ತೇವೆ.

ಎಣ್ಣೆ ಹೆಚ್ಚಬೇಕೆಂದರೆ ಹೊಲದಲ್ಲಿ

ಜೊಳ್ಳು ಕಾಳಿನಲ್ಲಿ ಎಣ್ಣೆ ಇಲ್ಲ. ಹಳದಿ ಎಸಳು ಬಿಚ್ಚುವ ಹೊತ್ತಿಗೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸಿ. ಮೊದಲು ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿಕೊಳ್ಳಿ. ಎಕರೆಗೆ ಎರಡು ಜೇನು ಪೆಟ್ಟಿಗೆ ಇಟ್ಟರೆ ಕಾಳು ಕಟ್ಟುವುದು ಕಣ್ಣಿಗೇ ಕಾಣುತ್ತದೆ. ಹೂ ಬಿಟ್ಟಾಗ ಕೀಟನಾಶಕ ಹೊಡೆಯಬೇಡಿ. ನಂಜುರೋಗಕ್ಕೆ ಬಂದ ಮೇಲೆ ಔಷಧ ಇಲ್ಲ. ಬದುವಿನ ಪಾರ್ಥೇನಿಯಂ ಕಿತ್ತು, ಸುತ್ತ ಮೂರ್ನಾಲ್ಕು ಸಾಲು ಜೋಳ ಹಾಕಿ, ಬೀಜೋಪಚಾರ ಮಾಡಿದ ಬೀಜವನ್ನೇ ಬಿತ್ತಿ.

ಹೋದ ಚಳಿಗಾಲದಲ್ಲಿ ಮತ್ತೆ ಅರೆಸಿದೆ. ಈ ಸಲ ಪ್ರತಿ ಬಾಟಲಿಗೆ ಒಂದು ಚೀಟಿ ಅಂಟಿಸಿದೆ: "ಚಳಿಗೆ ಮಬ್ಬಾದರೆ ಬಿಸಿ ನೀರಲ್ಲಿ ಇಡಿ. ಕಮಟು ವಾಸನೆ ಬಂದರೆ ವಾಪಸ್ ಕೊಡಿ." ಅಕ್ಕನ ಮನೆಗೂ ಎರಡು ಬಾಟಲಿ ಕಳಿಸಿದೆ. ಜನವರಿಯಲ್ಲಿ ಫೋನ್ ಬಂತು. ಎದೆ ಧಸಕ್ಕೆಂದಿತು. "ತಮ್ಮಾ, ಮತ್ತ ಮಬ್ಬಾತು" ಅಂದಳು, ಆಮೇಲೆ ನಕ್ಕು, "ಬಿಸಿನೀರಾಗ ಇಟ್ಟೆ, ತಿಳಿ ಆತು. ಬೀಗರಿಗೂ ತೋರಿಸಿದೆ. ಅವರಿಗೂ ಐದು ಲೀಟರ್ ಬೇಕಂತ" ಅಂದಳು.

ನಿಮ್ಮ ಎಣ್ಣೆಯ ಅನುಭವ ಏನು, ತಪ್ಪದೆ ತಿಳಿಸಿ. ಮುಂದಿನ ವಾರ ಹಿಂಗಾರಿ ಸೂರ್ಯಕಾಂತಿಗೆ ಜೇನು ಪೆಟ್ಟಿಗೆ ಯಾವಾಗ, ಎಲ್ಲಿ ಇಡಬೇಕು ಅನ್ನೋದನ್ನು ನೋಡೋಣ. ನಮಸ್ಕಾರ.