ಗೊಂಬೆ ಪರೀಕ್ಷೆ

ಗೊಂಬೆ ಪರೀಕ್ಷೆಯು ಮಕ್ಕಳಲ್ಲಿ ಜನಾಂಗೀಯ ಅಸ್ಮಿತೆ ಹೇಗೆ ಮೂಡುತ್ತದೆ ಎಂಬುದನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆಸಲಾದ ಮನೋವೈಜ್ಞಾನಿಕ ಪ್ರಯೋಗ. ಇದನ್ನು ರೂಪಿಸಿದವರು ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿಗಳಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಫಿಪ್ಸ್ ಕ್ಲಾರ್ಕ್. ಇದರ ಪ್ರಮುಖ ಫಲಿತಾಂಶಗಳು 1947ರಲ್ಲಿ ಪ್ರಕಟವಾದವು.

ಹಿನ್ನೆಲೆ

1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ‘ಪ್ರತ್ಯೇಕ ಆದರೆ ಸಮಾನ’ ಎಂಬ ತತ್ವವನ್ನು ಎತ್ತಿಹಿಡಿಯಿತು. ಇದರ ಆಧಾರದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆಗಳಿದ್ದವು. ಅರ್ಕಾನ್ಸಾಸ್‌ನಲ್ಲಿ ಜನಿಸಿದ ಮೇಮಿ ಅಂತಹ ಶಾಲೆಗಳಲ್ಲಿಯೇ ಓದಿದ್ದರು.

ವಿಧಾನ

3ರಿಂದ 7 ವರ್ಷದೊಳಗಿನ 253 ಕಪ್ಪು ಮಕ್ಕಳನ್ನು ಪರೀಕ್ಷಿಸಲಾಯಿತು. ಇವರಲ್ಲಿ 134 ಮಕ್ಕಳು ಅರ್ಕಾನ್ಸಾಸ್‌ನ ಪ್ರತ್ಯೇಕ ಶಾಲೆಗಳಿಗೂ, 119 ಮಕ್ಕಳು ಉತ್ತರದ ಮ್ಯಾಸಚೂಸೆಟ್ಸ್‌ನ ಮಿಶ್ರ ಶಾಲೆಗಳಿಗೂ ಸೇರಿದ್ದರು. ಬಣ್ಣವೊಂದನ್ನು ಬಿಟ್ಟರೆ ಒಂದೇ ರೀತಿಯಿದ್ದ ಎರಡು ಕಂದು ಮತ್ತು ಎರಡು ಬಿಳಿ ಗೊಂಬೆಗಳನ್ನು ಮಗುವಿನ ಮುಂದಿಟ್ಟು, ಆಡಲು ಇಷ್ಟವಾಗುವ, ಒಳ್ಳೆಯ, ಕೆಟ್ಟದಾಗಿ ಕಾಣುವ ಗೊಂಬೆಗಳನ್ನು ಕೊಡುವಂತೆ ಕೇಳಲಾಗುತ್ತಿತ್ತು. ತನ್ನಂತೆಯೇ ಇರುವ ಗೊಂಬೆಯನ್ನು ಕೊಡು ಎಂಬುದು ಕೊನೆಯ ಕೋರಿಕೆಯಾಗಿತ್ತು.

ಫಲಿತಾಂಶ

ಸುಮಾರು ಮೂರನೆಯ ಎರಡರಷ್ಟು ಮಕ್ಕಳು ಆಟಕ್ಕೆ ಬಿಳಿ ಗೊಂಬೆಯನ್ನು ಆರಿಸಿಕೊಂಡರು. ಶೇ. 59ರಷ್ಟು ಮಕ್ಕಳು ಕಂದು ಗೊಂಬೆಯೇ ಕೆಟ್ಟದಾಗಿ ಕಾಣುತ್ತದೆ ಎಂದರು. ಆದರೂ ತಮ್ಮಂತಿರುವುದು ಕಂದು ಗೊಂಬೆಯೇ ಎಂದು ಸುಮಾರು ಮೂರನೆಯ ಎರಡರಷ್ಟು ಮಕ್ಕಳು ಗುರುತಿಸಿದರು. ಕೆಟ್ಟದ್ದೆಂದು ತಾನೇ ಹೇಳಿದ ಗೊಂಬೆಯನ್ನು ತನ್ನದೆಂದು ಒಪ್ಪಿಕೊಳ್ಳಬೇಕಾದಾಗ ಕೆಲವು ಮಕ್ಕಳು ಅತ್ತರು.

ನ್ಯಾಯಾಲಯದಲ್ಲಿ

ದಕ್ಷಿಣ ಕ್ಯಾರೊಲಿನಾದ ಶಾಲಾ ಮೊಕದ್ದಮೆಯೊಂದರಲ್ಲಿ ಕೆನೆತ್ ಕ್ಲಾರ್ಕ್ 1951ರಲ್ಲಿ ತಜ್ಞಸಾಕ್ಷಿಯಾಗಿ ಹೇಳಿಕೆ ನೀಡಿದರು. ಈ ಮೊಕದ್ದಮೆಯನ್ನೂ ಒಳಗೊಂಡ ‘ಬ್ರೌನ್ ವಿರುದ್ಧ ಶಿಕ್ಷಣ ಮಂಡಳಿ’ ಪ್ರಕರಣದಲ್ಲಿ 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಶಾಲೆಗಳಲ್ಲಿನ ಜನಾಂಗೀಯ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು ಸರ್ವಾನುಮತದಿಂದ ಘೋಷಿಸಿತು. ಪ್ರತ್ಯೇಕತೆಯು ಮಕ್ಕಳಲ್ಲಿ ಕೀಳರಿಮೆಯನ್ನು ಬೆಳೆಸುತ್ತದೆ ಎಂದ ನ್ಯಾಯಾಲಯವು ತೀರ್ಪಿನ 11ನೆಯ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಬರಹವೊಂದನ್ನು ಉಲ್ಲೇಖಿಸಿತು.

ಟೀಕೆ

ಕಂದು ಗೊಂಬೆಯನ್ನು ಕೆಟ್ಟದ್ದೆಂದವರ ಪ್ರಮಾಣ ದಕ್ಷಿಣದ ಪ್ರತ್ಯೇಕ ಶಾಲೆಗಳಲ್ಲಿ ಶೇ. 49, ಉತ್ತರದ ಮಿಶ್ರ ಶಾಲೆಗಳಲ್ಲಿ ಶೇ. 71 ಆಗಿತ್ತು. ಹೀಗಿರುವಾಗ ಪ್ರತ್ಯೇಕ ಶಾಲೆಯೇ ಹಾನಿಗೆ ಕಾರಣವೆಂದು ಹೇಗೆ ಹೇಳಬಹುದು ಎಂದು ವಿಮರ್ಶಕರು ಪ್ರಶ್ನಿಸಿದರು. ದಕ್ಷಿಣದ ಮಕ್ಕಳ ಶಾಂತ ಉತ್ತರವು ಆರೋಗ್ಯದ ಲಕ್ಷಣವಲ್ಲ, ಕೀಳು ಸ್ಥಾನವನ್ನು ಸಹಜವೆಂದು ಒಪ್ಪಿಕೊಂಡುದರ ಗುರುತು ಎಂಬುದು ಕೆನೆತ್ ಕ್ಲಾರ್ಕ್ ಅವರ ವಾದವಾಗಿತ್ತು. ಒಂದೇ ಕೊಠಡಿಯಲ್ಲಿ ಕುಳಿತ ಮಾತ್ರಕ್ಕೆ ಸಮಾನತೆಯ ಭಾವನೆ ಮೂಡುವುದಿಲ್ಲ ಎಂಬುದನ್ನೂ ಈ ಅಂಕಿಗಳು ಸೂಚಿಸುತ್ತವೆ. ಸಮಾಜವು ಬಣ್ಣಕ್ಕೆ ಕಟ್ಟುವ ಬೆಲೆಯು ಎರಡೂ ಬಗೆಯ ಶಾಲೆಗಳ ಮಕ್ಕಳನ್ನು ತಲುಪಿತ್ತು.