ಮೊದಲ ಮಳೆಗೆ ಸಾಯುವ ಮೀನು

ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆ ಎಂದರೆ ಹತ್ತುಮೀನಿನ ಕಾಲ. ಕೆಂಪು ನೀರಿನ ಸೆಳವಿಗೆ ಎದುರಾಗಿ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತದೆ, ಮೊಟ್ಟೆಯಿಡಲು. ಚೆನ್ನೈನ ಅಡ್ಯಾರ್ ನದಿಯಲ್ಲಿ ಇದು ತಿರುವುಮುರುವು. ಹಿಂಗಾರಿನ ಮೊದಲ ಮಳೆಗೆ ಅಲ್ಲಿ ಜಿಲೇಬಿ ಮೀನು ಸತ್ತು ತೇಲುವುದುಂಟು.

ಜಿಲೇಬಿ ಎಂದರೆ ತಿಲಾಪಿಯಾ. ಆಫ್ರಿಕಾ ಮೂಲದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಸುಲಭಕ್ಕೆ ಸಾಯುವ ಜಾತಿಯಲ್ಲ. ಉಪ್ಪುನೀರಿಗೂ ಒಗ್ಗುತ್ತದೆ, ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು, ಗಾಳಿ ತಾಗುವ ತೆಳು ನೀರಪದರವನ್ನೇ ಕಿವಿರಿಗೆ ಎಳೆದುಕೊಂಡು ಬದುಕುತ್ತದೆ. ಇಂಥದ್ದೂ ಸಾಯುತ್ತದೆ ಎಂದರೆ ಕಾರಣವನ್ನು ನದಿಯ ತಳದಲ್ಲಿ ಹುಡುಕಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ನಗರದ ಚರಂಡಿಕೊಳೆ ಅಲ್ಲಿ ಕಪ್ಪು ಹೂಳಾಗಿ ಕೂತಿರುತ್ತದೆ. ಸಣ್ಣ ಮಳೆ ಅದನ್ನು ಕದಡುತ್ತದೆ, ಕಡಲಿಗೆ ಒಯ್ಯುವ ಕಸುವು ಅದಕ್ಕಿಲ್ಲ. ಕದಡಿದ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಹೂಳಿನೊಳಗಿದ್ದ ಹೈಡ್ರೋಜನ್ ಸಲ್ಫೈಡ್ ಮೇಲೆದ್ದು ವಿಷವಾಗುತ್ತದೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹೆಚ್ಚಿನ ಮೀನುಗಳು ಸುಖವಾಗಿರುತ್ತವೆ. 2ಕ್ಕಿಂತ ಕೆಳಗಿಳಿದರೆ ಉಸಿರುಗಟ್ಟುತ್ತವೆ. ಮೀನನ್ನು ಕೊಲ್ಲುವುದು ಮಳೆಯಲ್ಲ, ನಾವು ಕೂಡಿಟ್ಟ ಕೊಳೆ.

ದೊಡ್ಡ ನೆರೆಯ ಲೆಕ್ಕವೇ ಬೇರೆ. 2015ರ ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ ನೀರು ಅಡ್ಯಾರಿಗೆ ನುಗ್ಗಿತು. ಆಗಿನ ಸಾವುನೋವನ್ನು ಚೆನ್ನೈ ಮರೆತಿಲ್ಲ, ಮರೆಯಲೂ ಬಾರದು. ಆದರೆ ದೊಡ್ಡ ನೆರೆ ಹೂಳನ್ನು ಕೊಚ್ಚಿಕೊಂಡು ಹೋಗುತ್ತದೆ, ಅಳಿವೆಬಾಯಲ್ಲಿ ಅಲೆಗಳು ಕಟ್ಟಿದ ಮರಳದಿಬ್ಬವನ್ನೂ ಒಡೆಯುತ್ತದೆ. ಬಾಯಿ ತೆರೆದ ಮೇಲೆ ಉಬ್ಬರದ ನೀರು ಒಳಬರುತ್ತದೆ. ಕಡಲಲ್ಲಿ ಹುಟ್ಟಿದ ಮಡವೈ (ಮುಲ್ಲೆಟ್) ಮೀನಿನ ಮರಿಗಳಿಗೂ ಸಿಗಡಿಮರಿಗಳಿಗೂ ಒಳಗೆ ಬಂದು ಬೆಳೆಯಲು ದಾರಿಯಾಗುತ್ತದೆ. ಬೀಸುಬಲೆ ಹಿಡಿದವರ ಮುಂದಿನ ತಿಂಗಳುಗಳು ಈ ದಾರಿಯನ್ನೇ ನಂಬಿವೆ. ಹರಿವು ಸೊರಗಿದರೆ ಅಲೆಗಳು ಮತ್ತೆ ಮರಳು ತಂದು ತುಂಬುತ್ತವೆ.

ಈ ಲಾಭವೂ ನೀರು ಹೊತ್ತು ತರುವುದೇನು ಎಂಬುದರ ಮೇಲೆ ನಿಂತಿದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಉತ್ತರ ಚೆನ್ನೈನ ಮಣಲಿಯ ಕೈಗಾರಿಕಾ ಪ್ರದೇಶದಿಂದ ತೈಲವನ್ನು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎನ್ನೂರು ಅಳಿವೆಗೆ ತಂದು ಸುರಿಯಿತು. ದೋಣಿ, ಬಲೆ, ಹೆಜ್ಜಾರ್ಲೆಗಳ ರೆಕ್ಕೆ ಎಲ್ಲಕ್ಕೂ ಕಪ್ಪು ಮೆತ್ತಿತು. ಮೀನುಗಾರರು ಬಕೆಟ್ಟು ಹಿಡಿದು ತೈಲ ಬಾಚಿದರು. ನೀರಿನ ಮೇಲಿನದನ್ನು ಹಾಗೆ ಬಾಚಬಹುದು. ಕಾಂಡ್ಲಾ ಬೇರುಗಳ ನಡುವಿನ ಕೆಸರಿಗೆ ಇಳಿದ ತೈಲ ಬೇಗ ಹೋಗುವುದಿಲ್ಲ, ಅಲ್ಲಿ ಗಾಳಿಯಾಡದೆ ಬ್ಯಾಕ್ಟೀರಿಯಾಗಳು ಅದನ್ನು ಬಲು ನಿಧಾನವಾಗಿ ಒಡೆಯುತ್ತವೆ. ಎನ್ನೂರಿನ ಇರುಳ ಬುಡಕಟ್ಟಿನವರು ಬರಿಗೈಯಲ್ಲಿ ತಡವಿ ಸಿಗಡಿ ಹಿಡಿಯುವುದು ಅದೇ ಕೆಸರಿನಲ್ಲಿ.