ಹದಿನೈದು ದಿನ, ನೂರಾರು ಎತ್ತು

ಕಾರ ಹುಣ್ಣಿಮೆಯಂದು ಕರಿ ಹರಿದ ಎತ್ತುಗಳು ಕೊಟ್ಟಿಗೆ ಸೇರಿದ ಮೇಲೆ ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಸೀಮೆಯ ಕುಂಬಾರರಿಗೆ ಉಳಿಯುವುದು ಹದಿನೈದೇ ದಿನ. ಜ್ಯೇಷ್ಠ ಮುಗಿಯುವ ಅಮಾವಾಸ್ಯೆಗೆ ಒಕ್ಕಲು ಮನೆಗಳ ದೇವರ ಜಗಲಿಯ ಮೇಲೆ ಮಣ್ಣಿನ ಜೋಡೆತ್ತು, ಅವುಗಳ ಮುಂದೊಂದು ಪುಟ್ಟ ಗ್ವಾದಲಿ (ಮೇವಿನ ತೊಟ್ಟಿ) ಬೇಕು. 2025ರಲ್ಲಿ ಈ ಮಣ್ಣೆತ್ತಿನ ಅಮಾವಾಸ್ಯೆ ಜೂನ್ 25ಕ್ಕೆ ಬಂದಿತ್ತು. ಕೆಲವು ವರ್ಷ ಜುಲೈಗೆ ಜಾರುತ್ತದೆ. ಯಾವಾಗ ಬಂದರೂ ಗಡುವು ಗಡುವೇ. ಅಮಾವಾಸ್ಯೆ ದಾಟಿದ ಮಣ್ಣೆತ್ತಿಗೆ ಗಿರಾಕಿಯಿಲ್ಲ.

ಒಂದು ಎತ್ತು ಅಂಗೈಯಲ್ಲಿ ಹಿಡಿಯುವಷ್ಟೇ. ಊರಿಗೆ ಬೇಕಾದದ್ದು ನೂರಾರು. ಪಳಗಿದ ಬೆರಳು ಮಣ್ಣನ್ನು ಚಿವುಟಿ ಕಾಲು, ಕೋಡು ಎಳೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಕಾಯಿಸುವುದು ಒಣಗುವಿಕೆ, ಮತ್ತೆ ಬಣ್ಣ.

ಮಣ್ಣಿನದೇ ಒಂದು ಹಟ. ಡೋಣಿ ನದಿಯ ಬಯಲಿನ ಎರೆಮಣ್ಣು ಬಿಳಿಜೋಳಕ್ಕೆ ತಾಯಿಯಾದರೂ ಗೊಂಬೆಗೆ ಸುಲಭವಾಗಿ ಒಗ್ಗುವುದಿಲ್ಲ. ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಪಾದ ಇಳಿಯುವಂಥ ಬಿರುಕು ಬಿಡುವ ಈ ಮಣ್ಣು ಎತ್ತಿನ ಕಾಲಿನಲ್ಲೂ ಬಿರಿಯದೆ ಬಿಡದು. ಅದಕ್ಕೇ ಬೂದಿಯೋ ಲದ್ದಿಯೋ ಹತ್ತಿಯ ಎಳೆಯೋ ಬೆರೆಸಿ ನಾದಬೇಕು, ಬಿಸಿಲಿಗಿಡದೆ ನೆರಳಲ್ಲಿ ಆರಿಸಬೇಕು. ಆ ಹೊತ್ತಿಗೆ ಮುಂಗಾರಿನ ಮೋಡವೂ ಕವಿದಿರುತ್ತದೆ. ಮಡಕೆಯಂತೆ ಇದನ್ನು ಆವಿಗೆಯಲ್ಲಿ ಸುಡುವುದಿಲ್ಲ. ಪೂಜೆ ಮುಗಿದ ಮೇಲೆ ನೀರು ಸೇರಿ ಮತ್ತೆ ಮಣ್ಣಾಗಬೇಕಾದ ಎತ್ತು ಇದು.

ಬಣ್ಣಕ್ಕೆ ಕೂತಾಗ ಕೆಲಸದ ರೀತಿಯೇ ಬದಲಾಗುತ್ತದೆ. ಒಂದೊಂದೇ ಎತ್ತನ್ನು ಕೈಗೆತ್ತಿಕೊಂಡು ಪೂರ್ತಿ ಮುಗಿಸುವವನಿಗೆ ಅಮಾವಾಸ್ಯೆ ಕಾಯುವುದಿಲ್ಲ. ಸಾಲಾಗಿ ನಿಲ್ಲಿಸಿ ಎಲ್ಲಕ್ಕೂ ಮೊದಲು ಮೈಬಣ್ಣ, ಆಮೇಲೆ ಎಲ್ಲಕ್ಕೂ ಕೋಡು, ಕೊನೆಗೆ ಕಣ್ಣು. ಸಾಲಿನ ತುದಿ ಮುಟ್ಟುವ ಹೊತ್ತಿಗೆ ಮೊದಲನೆಯದು ಆರಿರುತ್ತದೆ. ಕುಂಚವನ್ನು ಪದೇಪದೇ ತೊಳೆಯುವ ಗೋಜೂ ಇಲ್ಲ.

ಇದೇ ಕ್ರಮವನ್ನು ಇಂಗ್ಲೆಂಡಿನ ಹವ್ಯಾಸಿಗಳು ಆಟದ ಗೊಂಬೆಗಳ ಮೇಲೆ ನಡೆಸುತ್ತಾರೆ. 1975ರಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ ಮಾಂತ್ರಿಕರು, ದೈತ್ಯರು, ಅಸ್ಥಿಪಂಜರದ ಸೈನಿಕರ ಕಲ್ಪನಾಲೋಕವನ್ನೇ ಮೇಜಿನ ಮೇಲೆ ತಂದಿತು. ಅದು ಮಿಲ್ಟನ್ ಬ್ರಾಡ್ಲಿ ಜೊತೆಗೂಡಿ 1989ರಲ್ಲಿ ಹೊರತಂದ ‘ಹೀರೋಕ್ವೆಸ್ಟ್’ ಆಟದ ಗೊಂಬೆಗಳಿಗೆ ಬಣ್ಣವೇ ಇರಲಿಲ್ಲ; ಬೇಕಾದರೆ ಆಟಗಾರನೇ ಬಳಿದುಕೊಳ್ಳಬೇಕು. ಇಂಥ ಗೊಂಬೆಗಳಲ್ಲಿ ಆಳಿನ ಎತ್ತರ ಸುಮಾರು 28 ಮಿಲಿಮೀಟರ್. ಪೂರ್ತಿ ದಂಡಿಗೆ ಬಣ್ಣ ಹಚ್ಚಲು ತಿಂಗಳುಗಳೇ ಹಿಡಿದಾಗ ವೇಗದ ದಾರಿಗಳು ಹುಟ್ಟಿಕೊಂಡವು. 2019ರಲ್ಲಿ ಅದೇ ಕಂಪನಿಯ ‘ಕಾಂಟ್ರಾಸ್ಟ್’, 2022ರಲ್ಲಿ ಆರ್ಮಿ ಪೇಂಟರ್ ಕಂಪನಿಯ ‘ಸ್ಪೀಡ್‌ಪೇಂಟ್’ ಎಂಬ ಬಣ್ಣಗಳು ಬಂದವು. ತೆಳುವಾದ ಈ ಬಣ್ಣ ಉಬ್ಬಿನ ಮೇಲಿಂದ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಉಬ್ಬು ತಿಳಿ, ತಗ್ಗು ಗಾಢ. ಒಂದೇ ಬಳಿತಕ್ಕೆ ಬೆಳಕು, ನೆರಳು ಎರಡೂ ಮೂಡುತ್ತವೆ.

ಇನ್ನೊಂದು ಉಪಾಯವಂತೂ ಎರೆಸೀಮೆಯವರಿಗೆ ಥಟ್ಟನೆ ಅರ್ಥವಾಗುವಂಥದು. ಗೊಂಬೆಗೆ ಪೂರ್ತಿ ಕಪ್ಪು ಬಳಿದು, ಕುಂಚಕ್ಕೆ ಬಿಳಿ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದ ಒಣಬಣ್ಣವನ್ನು ಉಬ್ಬುಗಳ ಮೇಲೆ ಮೆಲ್ಲಗೆ ಆಡಿಸುತ್ತಾರೆ. ತಗ್ಗುಗಳು ಕಪ್ಪಾಗಿಯೇ ಉಳಿದು ಗೊಂಬೆಗೆ ಮೈ ಬರುತ್ತದೆ. ಎರೆಮಣ್ಣಿನ ಎತ್ತಿಗೆ ಆ ಕಪ್ಪನ್ನು ಯಾರೂ ಬಳಿಯಬೇಕಿಲ್ಲ. ಅದರ ಮೇಲೆ ಸುಣ್ಣದ ಕುಂಚವನ್ನು ಹಾಗೆಯೇ ಒರೆಸಿ ಎಳೆದರೆ ಬೆನ್ನು, ಹಿಣಿಲು ಬೆಳ್ಳಗಾಗಿ, ಕೊರಳಿನ ಮಡಿಕೆ ಕಪ್ಪಾಗಿ ನಿಲ್ಲುತ್ತದೆ.

ವೇಗದ ನಿಜವಾದ ಗುಟ್ಟು ಇರುವುದು ಏನನ್ನು ಬಿಡಬೇಕು ಎಂಬ ತಿಳಿವಿನಲ್ಲಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಖಿಲಾರಿ ಎತ್ತನ್ನು ಕಂಡವರಿಗೆ ಅದರ ಚಹರೆ ಗೊತ್ತು: ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದನೆಯ ಕೋಡು, ಎತ್ತರದ ಹಿಣಿಲು. ಈ ಮೂರು ಸರಿಯಾಗಿ ಕೂತರೆ ಗೊರಸು ಬರೆಯದಿದ್ದರೂ ಒಕ್ಕಲಿಗ ಅದನ್ನು ತನ್ನ ಎತ್ತು ಎಂದೇ ಗುರುತಿಸುತ್ತಾನೆ. ಹಾಗಾಗಿ ಬಣ್ಣವೆಲ್ಲ ಅಲ್ಲಿಗೇ ಹೋಗಬೇಕು: ಕೋಡಿಗೆ ಕೆಂಪೋ ಹಸಿರೋ, ಬೆನ್ನ ಮೇಲೆ ಝೂಲದ (ಹೊದಿಕೆಯ) ಎರಡು ಗೆರೆ, ಕಣ್ಣಿಗೊಂದು ಚುಕ್ಕೆ. ಇದನ್ನು ಅವಸರದ ಕೆಲಸವೆಂದು ಕಡೆಗಣಿಸುವವರಿಗೆ ಆ ಚುಕ್ಕೆ ಇಡುವ ಕೈಯ ಬೆಲೆ ತಿಳಿದಿಲ್ಲ. ಅದು ಕೂದಲೆಳೆಯಷ್ಟು ಸರಿದರೂ ಎತ್ತು ಮೆಳ್ಳಗಣ್ಣಾಗುತ್ತದೆ.

ನಿಧಾನದ ದಾರಿಯೂ ನಮ್ಮಲ್ಲಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆಬೀಜದ ಅಂಟು ಸೇರಿದ ಲೇಪ ಹಚ್ಚಿ, ಪದರದ ಮೇಲೆ ಪದರವಾಗಿ ಬಣ್ಣ ಕೊಡುತ್ತವೆ. ಆ ಗೊಂಬೆ ತಲೆಮಾರು ಉಳಿಯಲೆಂದು ಮಾಡಿದ್ದು. ಮಣ್ಣೆತ್ತಿನ ಬಾಳು ಒಂದೆರಡು ದಿನದ್ದು. ಕುಂಚವೂ ಅಷ್ಟೇ ಬೇಗ ಓಡುತ್ತದೆ.

ಈಗ ವಿಜಯಪುರದ ಪೇಟೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಎತ್ತುಗಳೂ ಬಂದಿವೆ. ಅಚ್ಚಿನಲ್ಲಿ ಹುಯ್ದರೆ ಮೈ ತಾನೇ ಬಿಳುಪು, ಬಿರುಕಿನ ಭಯವಿಲ್ಲ, ಹೊಳೆಯುವ ಎಣ್ಣೆಬಣ್ಣ ಚೆನ್ನಾಗಿ ಕೂರುತ್ತದೆ. ಕುಂಬಾರನ ಎರಡು ದೊಡ್ಡ ಕಷ್ಟಗಳು ಇದರಲ್ಲಿ ತಪ್ಪುತ್ತವೆ, ನಿಜ. ಆದರೆ ಅದು ನೀರಿನಲ್ಲಿ ಬೇಗ ಕರಗುವುದಿಲ್ಲ, ಬಣ್ಣವೂ ಬಿಡುವುದಿಲ್ಲ. ಹೊಲದ ಮಣ್ಣನ್ನೇ ಪೂಜಿಸುವ ಹಬ್ಬಕ್ಕೆ ಆ ಎತ್ತು ಒಪ್ಪುವುದಿಲ್ಲ. ಸುಣ್ಣ, ಕೆಮ್ಮಣ್ಣುಗಳಿಂದಲೇ ಚೆಂದದ ಎತ್ತು ಆಗುತ್ತದೆ. ಕೊಳ್ಳುವವರು ಕೇಳಿ ಪಡೆಯಬೇಕು.

ಅಮಾವಾಸ್ಯೆಯ ಮರುದಿನವೇ ಆಷಾಢ. ಅದರ ಮಂಗಳವಾರಗಳಂದು ಹೆಣ್ಣುಮಕ್ಕಳು ಪೂಜಿಸುವ ಗುಳ್ಳವ್ವನಿಗೆ ಕುಂಚವೇ ಬೇಡ: ಹಸಿಮಣ್ಣಿಗೆ ಬಿಳಿ ಕುಸುಬಿ ಕಾಳು, ಕೆಂಪು ಗುಲಗಂಜಿ ಒತ್ತಿದರಾಯಿತು. ಗುಲಗಂಜಿಯ ಕಪ್ಪು ತುದಿಯೇ ಕಣ್ಣಿನ ಪಾಪೆ, ಒಣಗಲು ಕಾಯುವ ಮಾತೇ ಇಲ್ಲ. (ಬೀಜ ವಿಷ, ಸಣ್ಣ ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು.) ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಎತ್ತು ಮಾರಿ ಬಂದ ಕುಂಬಾರ ಮೊದಲ ಮಂಗಳವಾರಕ್ಕೆಂದು ಮತ್ತೆ ಮಣ್ಣು ನೆನೆಹಾಕುತ್ತಾನೆ.